ಶಿಕಾರಿಪುರ, ಸೊರಬ: ಯಾವ ಊರಲ್ಲಿ, ಯಾವ ಕಾಲದಲ್ಲಿ ಏನು ನೋಡಬಹುದು?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕಲಾಸಂಪತ್ತು ಒಂದೇ ಕಟ್ಟಡದೊಳಗೆ ನೋಡಸಿಗುವಂಥದ್ದಲ್ಲ. ಜಿಲ್ಲೆಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ. ಈ ಎರಡು ತಾಲ್ಲೂಕುಗಳಲ್ಲಾದರೋ ಶಾಸನ, ಶಿಲ್ಪ, ವೀರಗಲ್ಲುಗಳು ಬಹುಪಾಲು ತಮ್ಮನ್ನು ನಿಲ್ಲಿಸಿದ ಊರುಗಳಲ್ಲೇ ಉಳಿದಿವೆ. ಚಿತ್ತಾರ, ಹಾಡು, ಮೇಳಗಳು ಹಬ್ಬದ ತಿಥಿ ಬಂದಾಗ ಮಾತ್ರ ಹೊರಗೆ ಬರುತ್ತವೆ. ಹಾಗಾಗಿ ಇಲ್ಲಿನ ಕಲೆಯನ್ನು ನೋಡಲು ಬರುವವರು ಎರಡು ಸಂಗತಿ ತಿಳಿದಿರಬೇಕು: ಯಾವ ಊರಿಗೆ ಹೋಗಬೇಕು, ಯಾವ ಕಾಲದಲ್ಲಿ ಹೋಗಬೇಕು.

ನೋಟವನ್ನು ತಾಳಗುಂದದಿಂದ ಆರಂಭಿಸುವುದು ಒಳ್ಳೆಯದು. ಶಿಕಾರಿಪುರ ತಾಲ್ಲೂಕಿನ ಈ ಸಣ್ಣ ಹಳ್ಳಿಯ ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಒಂದು ಕಲ್ಲುಕಂಬವಿದೆ. 5ನೇ ಶತಮಾನದಲ್ಲಿ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಇದನ್ನು ಬರೆಸಲಾಯಿತು. ಪದ್ಯ ಕಟ್ಟಿದವನು ಕುಬ್ಜ ಎಂಬ ಕವಿ. ಕಲ್ಲಿನ ಮೇಲೆ ಬರೆದವನೂ ಅವನೇ. ಭಾಷೆ ಸಂಸ್ಕೃತ. ಅಕ್ಷರಗಳ ತಲೆ ಪುಟ್ಟ ಪೆಟ್ಟಿಗೆಯ ಹಾಗೆ ಚೌಕಾಕಾರವಾಗಿದೆ. ಸಾಲುಗಳು ಎಡದಿಂದ ಬಲಕ್ಕೆ ಅಡ್ಡಲಾಗಿ ಹರಿಯದೆ, ಕಂಬದ ಬುಡದಲ್ಲಿ ಶುರುವಾಗಿ ತುದಿಯ ಕಡೆಗೆ ಏರುತ್ತವೆ. ಹೀಗಾಗಿ ಓದುವವನು ಬಗ್ಗಿ ಆರಂಭಿಸಿ ತಲೆಯೆತ್ತಿ ಮುಗಿಸಬೇಕು. ಒಂದು ಮುಖ ಮುಗಿದ ಮೇಲೆ ಪಕ್ಕದ ಮುಖಕ್ಕೆ ಸರಿಯಬೇಕು. ಶಾಸನದ ಪಠ್ಯ ಪುಸ್ತಕದಲ್ಲೂ ಸಿಗುತ್ತದೆ, ಆದರೆ ಕಂಬವನ್ನು ಸುತ್ತುತ್ತಾ ಓದುವ ಈ ಕ್ರಮ ತಾಳಗುಂದಕ್ಕೆ ಹೋದವರಿಗೆ ಮಾತ್ರ ದಕ್ಕುವಂಥದ್ದು.

ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಇಂದು ಗೊತ್ತಾಗಿರುವುದು ಮುಖ್ಯವಾಗಿ ಈ ಕಂಬದಿಂದಲೇ. ವೇದಾಧ್ಯಯನಕ್ಕೆಂದು ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರಕ್ಕೆ ಹೋದ ಈ ಯುವಕನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಯಿತು. ಆದ ಅವಮಾನ ಸಹಿಸದೆ ಅವನು ಓದು ಬಿಟ್ಟು ಕತ್ತಿ ಹಿಡಿದು ರಾಜ್ಯ ಕಟ್ಟಿದ. ಅದೇ ವಂಶದ ಕಾಕುಸ್ಥವರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನೂ, ಅದಕ್ಕೂ ಹಿಂದೆ ಸಾತಕರ್ಣಿ ಮೊದಲಾದ ಅರಸರು ಇಲ್ಲಿನ ಶಿವನನ್ನು ಪೂಜಿಸಿದ್ದನ್ನೂ ಶಾಸನ ಹೇಳುತ್ತದೆ. ಇದೇ ಗುಡಿಯ ಆವರಣದಲ್ಲಿ 2013ರ ಸುಮಾರಿಗೆ ನಡೆದ ಉತ್ಖನನದಲ್ಲಿ ಮೆಟ್ಟಿಲ ಬದಿಯ ಸಿಂಹದ ಕಲ್ಲೊಂದು ಸಿಕ್ಕಿತು. ಅದರ ಮೇಲಿನ ಸಂಸ್ಕೃತ–ಕನ್ನಡ ಬರಹವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ. ಅಲ್ಲಿಯವರೆಗೆ ಕನ್ನಡದ ಮೊದಲ ಶಾಸನ ಎನಿಸಿದ್ದ ಹಲ್ಮಿಡಿ ಶಾಸನದ ಕಾಲ ಸುಮಾರು 450. ಕನ್ನಡ ಬರವಣಿಗೆಯ ಇತಿಹಾಸವನ್ನು ಹಿಂದಕ್ಕೆ ಒಯ್ದ ಈ ನೆಲಕ್ಕೆ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆಯಾದರೂ ಬರಬೇಕು.

ತಾಳಗುಂದದ ಹತ್ತಿರವೇ ಬಳ್ಳಿಗಾವಿ. ಶಿರಾಳಕೊಪ್ಪದಿಂದ ಸುಮಾರು 2 ಕಿ.ಮೀ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಎಂಬ ಪ್ರಾಂತ್ಯದ ರಾಜಧಾನಿಯಾಗಿತ್ತು. ಅಲ್ಲಮಪ್ರಭು ಹುಟ್ಟಿದ ಊರೂ ಇದೇ ಎಂದು ಪ್ರತೀತಿ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಬಳ್ಳಿಗಾವಿಯ ಕೇದಾರೇಶ್ವರ ಮೂರು ಗರ್ಭಗುಡಿಗಳ ತ್ರಿಕೂಟ. ಇಲ್ಲಿದ್ದ ಕಾಳಾಮುಖ ಶೈವ ಯತಿಗಳ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ಷಡ್ದರ್ಶನಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ ಸಿಗುತ್ತಿತ್ತು ಎಂದು 1162ರ ಶಾಸನ ವಿವರಿಸುತ್ತದೆ. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಕಟ್ಟಿಸಿದ ಜಯಂತಿ ಬೌದ್ಧ ವಿಹಾರವೂ ಇದೇ ಊರಿನಲ್ಲಿತ್ತು. ಬೌದ್ಧರ ತಾರಾ ಭಗವತಿಯ ಪ್ರತಿಮೆಯೂ ಇಲ್ಲಿ ಸಿಕ್ಕಿದೆ. ಶೈವ, ವೈಷ್ಣವ, ಜೈನ, ಬೌದ್ಧ ಧರ್ಮಗಳು ಒಂದೇ ಪೇಟೆಯಲ್ಲಿ ಬಾಳಿದ್ದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವ ಊರುಗಳು ಅಪರೂಪ.

ಕೇದಾರೇಶ್ವರ ನೋಡಿ ಅಲ್ಲಿಂದಲೇ ಹಿಂತಿರುಗುವ ಪ್ರವಾಸಿಗರು ಎರಡು ವಿಶೇಷಗಳನ್ನು ತಪ್ಪಿಸಿಕೊಳ್ಳುತ್ತಾರೆ. ಮೊದಲನೆಯದು ತ್ರಿಪುರಾಂತಕೇಶ್ವರ ಗುಡಿ. ಹೊರಗೋಡೆಯ ಬುಡದಲ್ಲಿ, ಕೂತು ನೋಡಿದರೆ ಮಾತ್ರ ಕಾಣುವಷ್ಟು ಕೆಳಗೆ, ಪಂಚತಂತ್ರದ ಕಥೆಗಳ ಕೆತ್ತನೆಯಿದೆ. ಒಳಬಾಗಿಲ ಎರಡೂ ಪಕ್ಕದ ಜಾಲಂಧ್ರಗಳಲ್ಲಿ (ತೂತು ಕೊರೆದ ಕಲ್ಲುಪರದೆಗಳಲ್ಲಿ) ನರ್ತಕಿಯರ ಬೊಂಬೆಗಳಿವೆ. ಎರಡನೆಯದು, ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬ. ಸುಮಾರು 30 ಅಡಿ ಎತ್ತರದ ಈ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮುಂದೆ ಮೈಸೂರು ಅರಸರ ಲಾಂಛನವಾಗಿ, ಈಗ ಕರ್ನಾಟಕದ ರಾಜ್ಯ ಲಾಂಛನದಲ್ಲಿರುವ ಗಂಡಭೇರುಂಡದ ಹಳೆಯ ರೂಪಗಳಲ್ಲಿ ಇದೊಂದು.

ಇದೇ ತಾಲ್ಲೂಕಿನ ಬಂದಳಿಕೆಯಲ್ಲಿ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿಗಳಿವೆ. ಸೋಮೇಶ್ವರದ ಬಾಗಿಲ ಪಕ್ಕದ ಜಾಲಂಧ್ರಗಳ ಮೇಲೆ ರಾಮಾಯಣ, ಮಹಾಭಾರತದ ದೃಶ್ಯಗಳಿವೆ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತವನ್ನು ತಾನೇ ವಹಿಸಿಕೊಂಡು ದಕ್ಷಳೆನಿಸಿಕೊಂಡ ಜಕ್ಕಿಯಬ್ಬೆ ಕೊನೆಗೆ ಉಪವಾಸದಿಂದ ದೇಹ ಬಿಡುವ ಜೈನ ವ್ರತವಾದ ಸಲ್ಲೇಖನ ಕೈಗೊಂಡಿದ್ದು ಈ ಬಂದಳಿಕೆಯಲ್ಲೇ. ಕರ್ನಾಟಕದ ಮಹಿಳಾ ಆಡಳಿತಗಾರರ ಬಗ್ಗೆ ಮಾತನಾಡುವಾಗ ಕಿತ್ತೂರು, ಕೆಳದಿಗಳ ರಾಣಿಯರ ಜೊತೆ ಜಕ್ಕಿಯಬ್ಬೆಯ ಹೆಸರೂ ಬರಬೇಕು.

ಸೊರಬ ತಾಲ್ಲೂಕಿನ ಕಡೆ ಬಂದರೆ ಆನವಟ್ಟಿಯ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರ ಗುಡಿಯಿದೆ. ಅದರ ವಿಶಾಲವಾದ ತೆರೆದ ಮಂಟಪದ ಕಡೆದ ಕಂಬಗಳ ನುಣುಪು ಬೆಳಗಿನ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಈ ತಾಲ್ಲೂಕಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಅವನ್ನೂ ಬುಡದಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ತುರುಗೋಳಿನಲ್ಲಿ, ಅಂದರೆ ದನಗಳ ಸೂರೆಯ ಕಾಳಗದಲ್ಲಿ, ಸತ್ತವನ ಕಲ್ಲಾದರೆ ಕಾಳಗದ ಪಕ್ಕದಲ್ಲಿ ದನಗಳ ಸಾಲೂ ಇರುತ್ತದೆ. ಈ ಸೀಮೆಯ ಬಹಳಷ್ಟು ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ ಪ್ರಕಟಿಸಿದರು. ಹೊರಡುವ ಮುನ್ನ ಅವುಗಳ ಮೇಲೆ ಕಣ್ಣಾಡಿಸಿದವರಿಗೆ ಊರಿನ ಬಯಲಲ್ಲಿ ಕಾಣುವ ಕಲ್ಲು ಅಪರಿಚಿತ ಎನಿಸುವುದಿಲ್ಲ.

ಸೊರಬದ ಇನ್ನೊಂದು ಹೆಮ್ಮೆ ಗುಡಿಗಾರರ ಕುಶಲಕಲೆ. ಸೊರಬ ಮತ್ತು ಸಾಗರದ ಗುಡಿಗಾರ ಮನೆತನಗಳ ಗಂಧದ ಕೆತ್ತನೆ 19ನೇ ಶತಮಾನದಲ್ಲೇ ಹೊರನಾಡುಗಳಿಗೂ ಗೊತ್ತಿತ್ತು. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಅದನ್ನು ಮನಸಾರೆ ಮೆಚ್ಚಿಕೊಂಡಿದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಬೆರಳಗಲವೂ ಖಾಲಿ ಬಿಡದೆ ಬಳ್ಳಿ, ಎಲೆ, ಸುರುಳಿಗಳನ್ನು ಹೆಣೆದು, ನಡುವಿನ ವೃತ್ತದಲ್ಲಿ ದೇವತೆಯನ್ನೋ ಪುರಾಣದ ಸಂದರ್ಭವನ್ನೋ ಬಿಡಿಸುವುದು ಅವರ ಶೈಲಿ. ಗಂಧದ ಮರ ಬಹುಕಾಲ ಸರ್ಕಾರದ ಸ್ವತ್ತಾಗಿದ್ದು, ಕೊರಡು ಸಿಗುವುದು ಕಡಿಮೆಯಾದಂತೆ ಶಿವನೆಯಂಥ ಬೇರೆ ಮರಗಳೂ ಉಳಿಯ ಕೆಳಗೆ ಬಂದವು. ಬೆಂಡಿನಿಂದ ಮದುವೆಯ ಬಾಸಿಂಗ ಮಾಡುವುದೂ ಇದೇ ಸಮುದಾಯದ ಕಸುಬು. ಆನೆದಂತದಂತೆ ಬೆಳ್ಳಗಿದ್ದು ತೂಕವೇ ಇಲ್ಲದ ಬೆಂಡನ್ನು ಹಾಳೆಯಷ್ಟು ತೆಳುವಾಗಿ ಸೀಳುವ ಕೈಚಳಕವನ್ನು ಹತ್ತಿರದಿಂದ ನೋಡಬೇಕು.

ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳ ಚಿತ್ತಾರಕ್ಕೆ ಮನೆಯ ಗೋಡೆಯೇ ಹಾಸು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಯಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಗಳಿಂದ ಎಳೆ ಎಳೆಯಾಗಿ ಬರೆಯುತ್ತಾರೆ. ಕುಂಚ ಪುಂಡಿನಾರಿನದು. ಮದುವೆಯ ಹಸೆಗೋಡೆ ಚಿತ್ತಾರದಲ್ಲಿ ಚೌಕದೊಳಗೆ ಗಂಡು ಹೆಣ್ಣು, ಸುತ್ತ ದಂಡಿಗೆ, ಭತ್ತದ ಸಸಿ, ಹಕ್ಕಿಗಳು ಬರುತ್ತವೆ. ಆಶ್ವಯುಜದ ಭೂಮಿ ಹುಣ್ಣಿಮೆ ಈ ಕಲೆಯನ್ನು ನೋಡಲು ಎಲ್ಲಕ್ಕಿಂತ ಒಳ್ಳೆಯ ಕಾಲ. ಅಂದು ಗರ್ಭಿಣಿ ಎಂದು ಭಾವಿಸುವ ಭೂಮಿಗೆ ಬಯಕೆಯ ಅಡುಗೆಯನ್ನು ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ಯುತ್ತಾರೆ, ಆ ಅಡುಗೆಯನ್ನು ಬೆಳೆಯ ಮೇಲೆ ಚರಗವಾಗಿ ಬೀರುತ್ತಾರೆ. ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಸಾರಿಸಿ ಚಿತ್ತಾರ ತುಂಬುವ ಕೆಲಸ ಹಬ್ಬಕ್ಕೆ ಮುನ್ನ ಹಲವು ದಿನ ನಡೆಯುತ್ತದೆ. ಅದನ್ನು ನೋಡಬೇಕೆನ್ನುವವರು ಹುಣ್ಣಿಮೆಯ ದಿನಕ್ಕಿಂತ ಮೊದಲೇ ಬರಬೇಕು.

ಭೂಮಿ ಹುಣ್ಣಿಮೆ ಕಳೆದು ಎರಡು ವಾರಕ್ಕೆ ದೀಪಾವಳಿ. ಬಲಿಪಾಡ್ಯಮಿಯ ರಾತ್ರಿ ಅಂಟಿಗೆ–ಪಂಟಿಗೆಯ ತಂಡಗಳು ದೀಪ ಹಿಡಿದು ಹಾಡುತ್ತಾ ಮನೆಯಿಂದ ಮನೆಗೆ ನಡೆಯುತ್ತವೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು ಕಾಣಿಕೆ ಕೊಡುತ್ತಾರೆ. ಸೊರಬದ ಪಕ್ಕದ ಬನವಾಸಿಯಲ್ಲಿ ಸರ್ಕಾರ ನಡೆಸುವ ಕದಂಬೋತ್ಸವದಲ್ಲಿ ಸಂಗೀತ, ನೃತ್ಯ, ಜಾನಪದ ಕಾರ್ಯಕ್ರಮಗಳಿರುತ್ತವೆ. 1987ರಲ್ಲಿ ಆರಂಭವಾದ ಪಂಪ ಪ್ರಶಸ್ತಿಯನ್ನು ಕೊಡಮಾಡುವ ವೇದಿಕೆಯೂ ಅದು. ನಾಟಕಪ್ರಿಯರಿಗೆ ಸಾಗರ ತಾಲ್ಲೂಕಿನ ಹೆಗ್ಗೋಡು ದೂರವಲ್ಲ. ಅಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್‌ನ ತಿರುಗಾಟ ತಂಡ 1985ರಿಂದ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದೆ.

ಈ ಕಲೆಗೆ ಗಾಜಿನ ಪೆಟ್ಟಿಗೆಯ ರಕ್ಷಣೆಯಿಲ್ಲ. ನೋಡುಗರ ಎಚ್ಚರವೇ ಅದಕ್ಕೆ ಕಾವಲು. ಅಕ್ಷರ ಚೆನ್ನಾಗಿ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ ತೀಡುವುದು, ಶಿಲ್ಪಕ್ಕೆ ಎಣ್ಣೆ ಬಳಿಯುವುದು ಎರಡೂ ಕಲ್ಲಿಗೆ ಹಾನಿ. ಓರೆಯಾಗಿ ಹಿಡಿದ ಟಾರ್ಚಿನ ಬೆಳಕೇ ಓದಲು ಸಾಕು. ಬಯಲಲ್ಲಿ ಬಿದ್ದ ಕಲ್ಲನ್ನು ಕದಲಿಸಬಾರದು. ಬರಹ ಕಂಡರೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ಬೂಮಣ್ಣಿ ಬುಟ್ಟಿಯನ್ನೋ ಬೆಂಡಿನ ಬಾಸಿಂಗವನ್ನೋ ಕೊಳ್ಳುವವರು ಬರೆದವರ, ಮಾಡಿದವರ ಮನೆಯಲ್ಲೇ, ಚೌಕಾಸಿ ಮಾಡದೆ ಕೊಳ್ಳಲಿ.