ಗಿರಿಯ ಕಾಲುದಾರಿಯಲ್ಲಿ ಅರ್ಧ ಬಲ

ರಜೆಯ ದಿನಗಳಲ್ಲಿ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಹೋಂಸ್ಟೇಗಳಲ್ಲಿ ಎರಡು ಮೂರು ದಿನ ತಂಗಿ ಬರುವುದು ಇತ್ತೀಚೆಗೆ ನಮ್ಮ ಭಕ್ತ ಕುಟುಂಬಗಳಲ್ಲಿಯೂ ರೂಢಿಯಾಗಿದೆ. ಮಕ್ಕಳು ಮೊಮ್ಮಕ್ಕಳೊಡನೆ ಹಿರಿಯರೂ ಹೊರಡುತ್ತಾರೆ. ತಂಗಿದ ಮನೆಯ ಅಂಗಳದಿಂದಲೇ ಒಂದು ಕಾಲುದಾರಿ ತೋಟದೊಳಗೆ, ಅಲ್ಲಿಂದ ಕಾಡಿನ ಅಂಚಿಗೆ, ಮುಂದೆ ಗುಡ್ಡದ ಮೇಲಕ್ಕೆ ಸಾಗಿರುತ್ತದೆ. ಅದನ್ನು ಕಂಡ ಮೇಲೆ ಸುಮ್ಮನೆ ಕುಳಿತಿರುವುದು ಕಷ್ಟ. ಹೋಗಬೇಕಾದದ್ದೇ. ಆದರೆ ಪ್ರವಾಸ ಮುಗಿದ ವಾರದಲ್ಲಿ ಮೊಣಕಾಲು ಹಿಡಿದುಕೊಂಡು ನನ್ನ ಚಿಕಿತ್ಸಾಲಯದ ಮೆಟ್ಟಿಲೇರುವವರನ್ನು ವರ್ಷವರ್ಷವೂ ನೋಡುತ್ತಿರುವುದರಿಂದ ಕೆಲವು ಮಾತುಗಳನ್ನು ಬರೆಯಬೇಕೆನಿಸಿತು.

ಸುಶ್ರುತಾಚಾರ್ಯರು ನಡಿಗೆಯನ್ನು ಎರಡು ಬಗೆಯಾಗಿ ಕಂಡಿದ್ದಾರೆ. ದೇಹಕ್ಕೆ ಅತಿಯಾದ ಪೀಡೆಯಾಗದಂತೆ ಅಡ್ಡಾಡುವುದು ಚಂಕ್ರಮಣ. ಇದು ಆಯುಸ್ಸು, ಬಲ, ಮೇಧೆ, ಜಠರಾಗ್ನಿಗಳನ್ನು ಹೆಚ್ಚಿಸುತ್ತದೆ, ಇಂದ್ರಿಯಗಳನ್ನು ಎಚ್ಚರಗೊಳಿಸುತ್ತದೆ. ದೀರ್ಘವಾದ ದಾರಿನಡಿಗೆ ಅಧ್ವ. ಇದು ಕಫ ಮತ್ತು ಸ್ಥೌಲ್ಯವನ್ನು ಕರಗಿಸುವುದು ನಿಜವಾದರೂ ಮೈಬಣ್ಣವನ್ನೂ ಸೌಕುಮಾರ್ಯವನ್ನೂ ಕೆಡಿಸುತ್ತದೆ. ಬಯಲು ನೆಲದಲ್ಲಿ ಇವೆರಡರ ನಡುವಿನ ಗಡಿ ಸುಲಭವಾಗಿ ತಿಳಿಯುತ್ತದೆ. ಗುಡ್ಡದಲ್ಲಿ ಹಾಗಲ್ಲ. ತಂಪು ಗಾಳಿ, ಹಸಿರು, ಜೊತೆಯವರ ಉತ್ಸಾಹ ಇವುಗಳ ನಡುವೆ ಚಂಕ್ರಮಣವು ಯಾವಾಗ ಅಧ್ವವಾಯಿತೆಂಬುದು ಅರಿವಿಗೇ ಬರುವುದಿಲ್ಲ.

ಇದನ್ನು ಅಳೆಯುವ ಮಾನವನ್ನೂ ಆಚಾರ್ಯರೇ ಕೊಟ್ಟಿದ್ದಾರೆ: ತನ್ನ ಬಲದ ಅರ್ಧವನ್ನಷ್ಟೇ ವ್ಯಯಿಸಬೇಕು. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವಂತಾದಾಗ ಅರ್ಧ ಬಲ ಮುಗಿಯಿತೆಂದು ತಿಳಿಯಬೇಕು. ಇಂದಿನ ವೈದ್ಯರು ನಡೆಯುತ್ತ ಒಂದು ಪೂರ್ಣ ವಾಕ್ಯ ಆಡಲು ಸಾಧ್ಯವೇ ಎಂದು ಕೇಳುವುದೂ ಇದನ್ನೇ. ವಾಗ್ಭಟರು ಮತ್ತೊಂದು ಷರತ್ತು ಹಾಕುತ್ತಾರೆ. ಈ ಅರ್ಧ ಬಲದ ಅನುಮತಿ ಸ್ನಿಗ್ಧಾಹಾರ ಸೇವಿಸುವ ಬಲಶಾಲಿಗಳಿಗೆ, ಅದೂ ಶೀತಕಾಲ ಹಾಗೂ ವಸಂತದಲ್ಲಿ ಮಾತ್ರ. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ನಮ್ಮ ಶಾಲೆಗಳ ದೊಡ್ಡ ರಜೆಯೋ ಗ್ರೀಷ್ಮದ ಹೊಸ್ತಿಲಲ್ಲೇ ಬರುತ್ತದೆ! ಸಾಧ್ಯವಿದ್ದವರು ಡಿಸೆಂಬರ್, ಜನವರಿಗಳಲ್ಲಿ ಹೋಗುವುದು ಲೇಸು.

ಮುಳ್ಳಯ್ಯನಗಿರಿಯನ್ನೇ ನೋಡಿ. 1930 ಮೀಟರ್ ಎತ್ತರದ ಇದು ನಮ್ಮ ರಾಜ್ಯದ ಅತ್ಯುನ್ನತ ಶಿಖರ. ನೆತ್ತಿಯ ಮೇಲೆ ಮುಳ್ಳಪ್ಪಸ್ವಾಮಿಯ ಗದ್ದುಗೆಯಿದೆ. ಸೀತಾಳಯ್ಯನಗಿರಿಯ ಮಾರ್ಗವಾಗಿ ವಾಹನದಲ್ಲಿ ಬಂದವರಿಗೆ ಕೊನೆಯ ಮೆಟ್ಟಿಲುಗಳಷ್ಟೇ ಉಳಿಯುತ್ತವೆ. ಸರ್ಪದಾರಿಯಿಂದ ಹತ್ತುವವರಿಗೆ ಮೂರು ನಾಲ್ಕು ಕಿಲೋಮೀಟರ್ ಕಡಿದಾದ ಹುಲ್ಲುಗಾವಲಿನ ದಾರಿ. ಕಣಿವೆಗಳಲ್ಲಿ ಶೋಲಾ ಕಾಡು ದಟ್ಟವಾಗಿದ್ದರೂ ದಾರಿಯ ಬಹುಭಾಗಕ್ಕೆ ನೆರಳಿಲ್ಲ. ಹತ್ತುವಾಗ ಉಸಿರು ನಮ್ಮನ್ನು ತಡೆಯುತ್ತದೆ, ಆದುದರಿಂದ ಎಚ್ಚರವಾಗಿರುತ್ತೇವೆ. ಇಳಿಯುವಾಗ ಉಸಿರು ಹಗುರ, ಮೋಸ ಅಲ್ಲಿಯೇ. ಇಳಿಜಾರಿನ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಆ ಭಾರವನ್ನು ತಡೆಯಬೇಕು. ಮರುದಿನವಲ್ಲ, ಮೂರನೆಯ ದಿನ ಶೌಚಾಲಯದಲ್ಲಿ ಕೂರಲಾಗದ ನೋವು ಬರುವುದು ಇದರಿಂದಲೇ. ಅರ್ಧ ಬಲವನ್ನು ಉಳಿಸಿಕೊಳ್ಳಬೇಕಾದದ್ದು ಇಳಿಯುವುದಕ್ಕಾಗಿ. ಒಂದು ಗಟ್ಟಿ ಊರುಗೋಲು, ಚಿಕ್ಕ ಹೆಜ್ಜೆ, ತುಸು ಬಾಗಿದ ಮೊಣಕಾಲು ಇವಿಷ್ಟಿದ್ದರೆ ಅರ್ಧ ನೋವು ತಪ್ಪುತ್ತದೆ.

ಇಷ್ಟು ಹೇಳುವ ನಾನೇ ಒಮ್ಮೆ ತಪ್ಪಿದ್ದೇನೆ. ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಮ್ಮ ಬೀಗರು ಜೊತೆಗಿದ್ದರು, ವಯಸ್ಸು ಅರವತ್ತೊಂದು. ಕಾಲು ಭಾಗ ಹತ್ತುವಷ್ಟರಲ್ಲಿ ಎದೆ ಹಿಡಿದಂತಾಗಿ ಕಲ್ಲಿನ ಮೇಲೆ ಕುಳಿತರು. ಐದು ನಿಮಿಷಕ್ಕೆ ಸರಿಹೋಯಿತು. “ಬೆಳಗಿನ ಪೂರಿ ಸ್ವಾಮಿ, ವಾಯು” ಎಂದು ನಕ್ಕರು. ನಾನೂ ಹೌದೆಂದು ಚೀಲದಲ್ಲಿದ್ದ ಹಿಂಗ್ವಾಷ್ಟಕ ಚೂರ್ಣ ಕೊಟ್ಟೆ. ಮತ್ತೆ ಹತ್ತಿದರು, ಮತ್ತೆ ಹಿಡಿಯಿತು, ಕುಳಿತರೆ ಬಿಟ್ಟಿತು. ಆಗ ನನಗೆ ಬೆವರೊಡೆಯಿತು. ಅಲ್ಲಿಂದಲೇ ನಿಧಾನವಾಗಿ ಇಳಿಸಿ, ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು. ಹೃದಯದ ಎರಡು ರಕ್ತನಾಳಗಳಲ್ಲಿ ಅಡಚಣೆಯಿತ್ತು. ಈಗ ಕ್ಷೇಮವಾಗಿದ್ದಾರೆ, ಆ ಚೂರ್ಣದ ವಿಷಯ ತೆಗೆದು ನನ್ನನ್ನು ಇನ್ನೂ ಛೇಡಿಸುತ್ತಾರೆ. ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಅಡಗುವ ಎದೆಯ ಬಿಗಿತ, ಅದು ದವಡೆಗೋ ಎಡಗೈಗೋ ಹರಡಲಿ, ಹರಡದಿರಲಿ, ವಾಯುವೆಂದು ಬಗೆಯಕೂಡದು. ಅಂದು ಮುಂದೆ ಒಂದು ಹೆಜ್ಜೆಯೂ ಹತ್ತಬಾರದು. ಕುಳಿತರೂ ಬಿಗಿತ ಬಿಡದಿದ್ದರೆ ನಡೆಸಲೂಬಾರದು, ಕೂಡಲೇ ನೆರವು ಕರೆಸಬೇಕು. ಔಷಧಿ ನನ್ನದಾಗಲಿ ಇನ್ನೊಬ್ಬರದಾಗಲಿ, ಮೊದಲು ಇಸಿಜಿ ಆಗಬೇಕು.

ಅದರಿಂದಲೇ ಹಿರಿಯರಿಗೆ ಶಿಖರಕ್ಕಿಂತ ತಂಗಿದ ಮನೆಯ ಸುತ್ತಲಿನ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ. ಶಿಖರದ ದಾರಿಯಲ್ಲಿ ಅರ್ಧಕ್ಕೆ ಮರಳಿದರೆ ಸೋತಂತೆ ನಾಚಿಕೆ. ತೋಟದ ದಾರಿಯಲ್ಲಿ ಎಲ್ಲಿಂದ ಬೇಕಾದರೂ ಹಿಂದಿರುಗಬಹುದು. ಮೊದಲ ಸಂಜೆ ಅರ್ಧ ಗಂಟೆ, ಮರುದಿನ ಬೆಳಿಗ್ಗೆ ಒಂದು ಗಂಟೆ ಸಾಕು. ಆನೆ, ಕಾಟಿಗಳ ಸಂಚಾರವನ್ನು ತೋಟದವರಲ್ಲಿ ವಿಚಾರಿಸದೆ ನಸುಕಿನಲ್ಲಾಗಲಿ ಮುಸ್ಸಂಜೆಯಲ್ಲಾಗಲಿ ಹೊರಡಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ನಡೆಯಬಾರದು. ಜೇಬಿನಲ್ಲಿ ಬೆಲ್ಲದ ತುಂಡಿರಲಿ.

ಮಳೆಗಾಲದ ಇಂಬಳಕ್ಕೆ ಹೆದರಬೇಕಾಗಿಲ್ಲ. ಜಲೌಕಾವಚರಣ ಮಾಡುವ ನಮಗಂತೂ ಅದು ಹಳೆಯ ನೆಂಟ! ಕಿತ್ತೆಳೆಯದೆ ಉಗುರಿನಿಂದ ಸರಿಸಿ, ತೊಳೆದು, ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಸ್ರಾವ ಹೆಚ್ಚು ಹೊತ್ತು ನಿಲ್ಲದಿರಬಹುದು. ನಿಜವಾಗಿ ಅಂಜಬೇಕಾದದ್ದು ಒಣ ತಿಂಗಳುಗಳ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಇದೆ. ಚಳಿಗಾಲದಿಂದ ಮೇವರೆಗೆ ಅದರ ಕಾಲ. ನಾನು ಹೋಗಿರೆಂದ ತಿಂಗಳುಗಳೂ ಇದರೊಳಗೇ ಬರುತ್ತವೆ. ಮಂಗ ಸತ್ತ ಸುದ್ದಿಯಿದ್ದ ಕಾಡಿಗೆ ಕಾಲಿಡಬೇಡಿ. ಮೈ ತುಂಬ ಬಟ್ಟೆ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರದಿರಿ. ಮರಳಿದೊಡನೆ ಬಿಸಿನೀರು ಸೋಪಿನಿಂದ ಮಿಂದು, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸ್ನಾನಕ್ಕೆ ಮೊದಲು ಮೊಣಕಾಲು, ಮೀನಖಂಡ, ಅಂಗಾಲುಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಹತ್ತು ನಿಮಿಷ ತಿಕ್ಕಿದರೆ ನಡೆದ ದಣಿವು ಇಳಿಯುತ್ತದೆ. ಹೋಂಸ್ಟೇಗಳಲ್ಲಿ ಎಳ್ಳೆಣ್ಣೆ ಸಿಗುವುದು ಅಪರೂಪ. ಮನೆಯಿಂದಲೇ ಒಂದು ಸಣ್ಣ ಸೀಸೆ ಒಯ್ಯಿರಿ.