ಅಳುವಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?



ಹೋದ ತಿಂಗಳು ಇಂಗ್ಲಿಷ್ ಪೀರಿಯಡ್‌ನಲ್ಲಿ ಇಡೀ ಕ್ಲಾಸೇ ನನ್ನನ್ನು ನೋಡಿ ನಕ್ಕಿದ್ದು ನಿಮಗೆ ನೆನಪಿರಬಹುದು. ಕುರಿ ಕಾಯುವ ಹುಡುಗ ಸುಳ್ಳು ಸುಳ್ಳೇ ತೋಳ ಬಂತು ಅನ್ನುವ ಕಥೆ ಓದುತ್ತಿದ್ದೆವು. ಅದರಲ್ಲಿ ‘ಕ್ರೈಡ್’ ಅಂತ ಒಂದು ಪದ ಬಂತು. ಕ್ರೈ ಅಂದರೆ ಅಳು ಎಂದು ಮೂರನೇ ತರಗತಿಯಿಂದ ಬಾಯಿಪಾಠ ಮಾಡಿದವಳು ನಾನು. ಧೈರ್ಯವಾಗಿ ಎದ್ದು ನಿಂತು, “ಹುಡುಗನು ತೋಳ ತೋಳ ಎಂದು ಅತ್ತನು” ಅಂದೆ. ಸಾರ್ ಕೂಡ ನಗು ತಡೆದುಕೊಂಡು, “ಅವನು ಅಳಲಿಲ್ಲ ಕಣಮ್ಮ, ಕೂಗಿದ” ಅಂದರು.

ನೀವೆಲ್ಲ ಆಮೇಲೆ ಮರೆತಿರಿ. ನನಗೆ ಮಾತ್ರ ಚಿಂತೆ ಹತ್ತಿತು. ಯಾಕೆಂದರೆ ಅದಕ್ಕಿಂತ ಮೊದಲೇ ಮನೆಯ ಬಗ್ಗೆ ಐದು ವಾಕ್ಯ ಬರೆಯಿರಿ ಅಂದಾಗ, ನಮ್ಮ ತಾತ ತೀರಿಕೊಂಡ ದಿನ ನಮ್ಮಜ್ಜಿ ‘ಕ್ರೈಡ್’ ಎಂದು ಬರೆದುಕೊಟ್ಟಿದ್ದೆ. ಹಾಗಾದರೆ ಅಜ್ಜಿ ಕೂಗಿದಳು ಅಂತ ಆಯಿತೇ? ಸಾರ್ ಹತ್ತಿರ ಹೋಗಿ ಕೇಳಿದೆ. ಅವರು ಬೀರುವಿನಿಂದ ದಪ್ಪ ನಿಘಂಟು ತೆಗೆದುಕೊಟ್ಟು, “ನೀನೇ ಹುಡುಕು, ತಿಳಿಯದಿದ್ದರೆ ಕೇಳು” ಅಂದರು. ಆ ಹುಡುಕಾಟವೇ ಈ ಲೇಖನ.

ಮೊದಲು ಕ್ರೈ ವಿಚಾರ. ಅದು ಇಂಗ್ಲಿಷಿನವರ ಸ್ವಂತ ಪದವಲ್ಲ, ಫ್ರೆಂಚ್ ಭಾಷೆಯಿಂದ ಬಂದದ್ದು. ಮೊದಲು ಅದಕ್ಕೆ ಕೂಗು, ಗಟ್ಟಿಯಾಗಿ ಬೇಡಿಕೋ ಎಂದೇ ಅರ್ಥ. ಅಳು ಎಂಬ ಅರ್ಥ ಆಮೇಲೆ ಸೇರಿತು. ಅಳುವುದಕ್ಕೆ ಅವರ ಹಳೇ ಸ್ವಂತ ಪದ ವೀಪ್. ಸದ್ದಿಲ್ಲದೆ ಕಣ್ಣೀರು ಸುರಿಸಿದರೂ ವೀಪ್ ಅನ್ನಬಹುದು. ಅಂದರೆ ನಾನು ತಪ್ಪು ಹೇಳಿದ್ದು ನಿಜ, ಆದರೆ ಪೂರ್ತಿ ನನ್ನ ತಪ್ಪಲ್ಲ!

ನಿಘಂಟು ನೋಡುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು. ನಾವು ಕನ್ನಡದಲ್ಲಿ ಹೆಚ್ಚಾಗಿ ‘ಅಳು’ ಅನ್ನುವ ಒಂದೇ ಕ್ರಿಯಾಪದ ಇಟ್ಟುಕೊಂಡು ಅದರ ಮುಂದೆ ಬೇರೆ ಬೇರೆ ಸದ್ದು ಹೂಡುತ್ತೇವೆ. ಮುಸುಮುಸು ಅಳು, ಬಿಕ್ಕಿ ಬಿಕ್ಕಿ ಅಳು, ಗೊಳೋ ಎಂದು ಅಳು, ಹೋ ಎಂದು ಅಳು. ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದೆವಲ್ಲ, ಅದೇ. ಇಂಗ್ಲಿಷಿನವರು ಹಾಗೆ ಮಾಡುವುದು ಕಡಿಮೆ. ಒಂದೊಂದು ಅಳುವಿಗೂ ಒಂದೊಂದು ಕ್ರಿಯಾಪದವನ್ನೇ ಮಾಡಿಬಿಟ್ಟಿದ್ದಾರೆ. ಬಿಕ್ಕಿ ಬಿಕ್ಕಿ ಅತ್ತರೆ ಸಾಬ್. ಉಸಿರು ತುಂಡು ತುಂಡಾಗಬೇಕು, ಆಗಲೇ ಸಾಬ್. ಬಾಯಿ ದೊಡ್ಡದಾಗಿ ತೆರೆದು ಬೀದಿಗೆಲ್ಲ ಕೇಳುವಂತೆ ಅತ್ತರೆ ಬಾಲ್. ಚಿಕ್ಕ ಮಕ್ಕಳು ಮಾಡುವುದು ಅದೇ, ತಾಯಿಯಿಂದ ಬಿಡಿಸಿ ಕಟ್ಟಿದ ಕರು ಅರಚಿದರೂ ಅದೇ ಪದ. ಮಳೆಯಲ್ಲಿ ನೆನೆದ ನಾಯಿಮರಿ ಮೂಲೆಯಲ್ಲಿ ಕುಂಯ್ ಕುಂಯ್ ಅನ್ನುತ್ತದಲ್ಲ, ಅದು ವಿಂಪರ್. ಹೆದರಿದ ಮನುಷ್ಯರೂ ವಿಂಪರ್ ಮಾಡುತ್ತಾರೆ. ಅದೇ ನಾಯಿ ಬಾಗಿಲು ತೆಗೆಯಿರಿ ಅಂತ ರಾಗ ಎಳೆದರೆ ವೈನ್. ನನ್ನ ತಮ್ಮ ಜಾತ್ರೆಯಲ್ಲಿ ಪೀಪಿ ಬೇಕು ಅಂತ ಮಾಡಿದ್ದು ನೂರಕ್ಕೆ ನೂರು ವೈನ್. ಅದರಲ್ಲಿ ಕಣ್ಣೀರು ಒಂದು ಹನಿಯೂ ಇರಲಿಲ್ಲ.

ನೋವಿನಲ್ಲಿ ನರಳುವುದಕ್ಕೂ ಎರಡು ಪದ ಇವೆ. ಸಣ್ಣಗೆ ಉದ್ದವಾಗಿ ನರಳಿದರೆ ಮೋನ್. ದಪ್ಪ ದನಿಯಲ್ಲಿ ಭಾರ ಎತ್ತಿದವರ ಹಾಗೆ ನರಳಿದರೆ ಗ್ರೋನ್. ಗಾಳಿಯೂ ಮೋನ್ ಮಾಡುತ್ತದೆ, ಹಳೇ ಬಾಗಿಲು ಗ್ರೋನ್ ಮಾಡುತ್ತದೆ ಎಂದು ಬರೆಯುತ್ತಾರಂತೆ. ಉದ್ದಕ್ಕೆ ಏರಿಸಿ ಇಳಿಸಿ ಗಟ್ಟಿಯಾಗಿ ಅಳುವುದು ವೇಲ್. ಆಂಬುಲೆನ್ಸ್ ಸೈರನ್ನಿಗೂ ಅದೇ ಪದ ಅಂದಮೇಲೆ ಅದರ ಸ್ವರ ಹೇಗಿರುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಇಲ್ಲೊಂದು ತಮಾಷೆ ಹೇಳುತ್ತೇನೆ. ಈ ಪದಗಳನ್ನು ಕನ್ನಡ ಅಕ್ಷರದಲ್ಲಿ ಪಟ್ಟಿ ಮಾಡಿದಾಗ ಎಲ್ಲ ಕಲಸಿಹೋಯಿತು. ವೇಲ್ ಅಂದರೆ ಅಳು, ತಿಮಿಂಗಿಲವೂ ವೇಲ್, ನಾವು ಚೂಡಿದಾರದ ಮೇಲೆ ಹಾಕಿಕೊಳ್ಳುವುದೂ ವೇಲ್. ಬಾಲ್ ಅಂದರೆ ಚೆಂಡೂ ಹೌದು. ವೈನ್ ಅಂದರೆ ಏನು ಅಂತ ಊರಿನವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ನಿಟ್ಟುಸಿರಿಗೆ ಅವರು ಸೈ ಅನ್ನುತ್ತಾರೆ, ನಾವು ಯಾರಾದರೂ ಗೆದ್ದರೆ ಸೈ ಅನ್ನುತ್ತೇವೆ. ಎಲ್ಲಕ್ಕಿಂತ ವಿಚಿತ್ರ ಮೋನ್. ಅವರ ಮೋನ್ ಸದ್ದು ಮಾಡುತ್ತದೆ, ನಮ್ಮ ಮೌನ ಮಾಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಇವುಗಳ ಸ್ಪೆಲ್ಲಿಂಗ್ ಬೇರೆ ಬೇರೆ ಇದೆ, ಪರೀಕ್ಷೆಯಲ್ಲಿ ಹುಷಾರು.

ಕೆಲವು ಪದ ಮಾತ್ರ ಭಾಷೆ ಬೇರೆಯಾದರೂ ಒಂದೇ ಥರ ಕೇಳುತ್ತವೆ. ರಾತ್ರಿ ನಾಯಿ ಊಳಿಡುತ್ತದೆ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಹೌಲ್. ಹಳೇ ಲ್ಯಾಟಿನ್ ಭಾಷೆಯಲ್ಲಿ ಊಳಿಡುವುದಕ್ಕೆ ಉಲುಲಾರೆ, ಒಂದು ಜಾತಿಯ ಗೂಬೆಗೆ ಉಲುಲ. ಇವು ಒಂದರಿಂದ ಒಂದು ಕಲಿತದ್ದಲ್ಲ. ನಾಯಿ, ಗೂಬೆ ಎಲ್ಲ ದೇಶದಲ್ಲೂ ಒಂದೇ ಥರ ಕೂಗುತ್ತವೆ, ಕೇಳಿದ ಜನ ಅದನ್ನೇ ಪದ ಮಾಡಿದರು ಎಂದು ಸಾರ್ ವಿವರಿಸಿದರು.

ಇಷ್ಟು ಪದ ಸಿಕ್ಕರೂ ನಮ್ಮಜ್ಜಿಗೆ ಸರಿಯಾದದ್ದು ಸಿಗಲಿಲ್ಲ. ಅಜ್ಜಿ ಅವತ್ತು ಬರೀ ಅಳಲಿಲ್ಲ, ಹೇಳಿಕೊಂಡು ಅತ್ತಳು. ನಮ್ಮ ಕಡೆ ವಯಸ್ಸಾದ ಹೆಂಗಸರು ಅಳುವುದು ನೀವು ಕೇಳಿದ್ದೀರಿ. ತಾತನ ತಲೆ ಹತ್ತಿರ ಕೂತು, ಮದುವೆಯಾಗಿ ಬಂದಾಗ ಗಾಡಿಯಲ್ಲಿ ಕೂರಿಸಿಕೊಂಡು ಬಂದದ್ದು, ಬರಗಾಲದಲ್ಲಿ ಓಲೆ ಮಾರಿದ್ದು, ಎತ್ತುಗಳ ಹೆಸರು, ಬಾವಿ ತೋಡಿದ್ದು, ಎಲ್ಲವನ್ನೂ ರಾಗವಾಗಿ ಹೇಳುತ್ತಾ ಅತ್ತಳು. ಪಕ್ಕದ ಹೆಂಗಸರು ನಡುನಡುವೆ ದನಿ ಸೇರಿಸಿದರು. ಇದಕ್ಕೆ ವೇಲ್ ಅನ್ನೋಣವೆಂದರೆ ವೇಲ್‌ನಲ್ಲಿ ಮಾತಿಲ್ಲ. ಡರ್ಜ್ ಎಂದು ಸಾವಿನ ಹಾಡಿಗೆ ಒಂದು ಪದ ಇದೆ, ಆದರೆ ಅದು ಬರೀ ಹಾಡು. ಅಜ್ಜಿಯದು ಎರಡೂ.

ಕೊನೆಗೆ ಸಾರ್ ಅವರೇ ‘ಕೀನ್’ ತೆಗೆದು ತೋರಿಸಿದರು. ಕೀನ್ ಅಂದರೆ ಆಸಕ್ತಿ, ಚೂಪು ಎಂದಷ್ಟೇ ನಮಗೆ ಗೊತ್ತು. ಆದರೆ ಇನ್ನೊಂದು ಕೀನ್ ಇದೆ. ಅದು ಇಂಗ್ಲೆಂಡಿನದಲ್ಲ, ಪಕ್ಕದ ಐರ್ಲೆಂಡ್ ದೇಶದ ಐರಿಷ್ ಭಾಷೆಯದು. ಅಲ್ಲಿ ಸಾವಾದಾಗ ಹೆಂಗಸರು ಹೆಣದ ಸುತ್ತ ಕೂತು, ಸತ್ತವರ ಗುಣ ಹೇಳಿ ಹೊಗಳುತ್ತಾ ಹಾಡಿಕೊಂಡು ಅಳುತ್ತಿದ್ದರು. ಚೆನ್ನಾಗಿ ಹೇಳಿಕೊಂಡು ಅಳುವವರನ್ನು ಬೇರೆ ಕಡೆಯಿಂದ ಕರೆಸುತ್ತಲೂ ಇದ್ದರು. ಒಬ್ಬಳು ಹೇಳಿದ ಮೇಲೆ ಎಲ್ಲರೂ ಸೇರಿ ಅಳುವ ಭಾಗಕ್ಕೆ ಐರಿಷ್‌ನಲ್ಲಿ ‘ಗೊಲ್’ ಅನ್ನುತ್ತಾರೆ. ನಮ್ಮ ಗೋಳು! ಇದಕ್ಕೂ ಅದಕ್ಕೂ ನೆಂಟಸ್ತನ ಇಲ್ಲವಂತೆ, ಆದರೂ ನನಗೆ ಮೈ ಜುಮ್ಮೆಂದಿತು. ಹೀಗೆ ಅಳುವುದಕ್ಕೆ ಇಂಗ್ಲಿಷಿನವರೂ ಐರಿಷ್ ಪದವನ್ನೇ ತೆಗೆದುಕೊಂಡರು.

ಸಿಂಜ್ ಎಂಬ ಐರಿಷ್ ನಾಟಕಕಾರರು ಅರಾನ್ ಎಂಬ ಸಮುದ್ರದ ದ್ವೀಪಗಳಲ್ಲಿ ಇದ್ದು, 1907ರಲ್ಲಿ ಬಂದ ಪುಸ್ತಕದಲ್ಲಿ ಒಬ್ಬ ಮುದುಕಿಯ ಮಣ್ಣಿನಲ್ಲಿ ಹೆಂಗಸರು ಸರದಿಯ ಮೇಲೆ ಹೀಗೆ ಅತ್ತದ್ದನ್ನು ಬರೆದಿದ್ದಾರೆ. ಅಲ್ಲಿನ ಪಾದ್ರಿಗಳಿಗೆ ಈ ಅಳು ಹಿಡಿಸುತ್ತಿರಲಿಲ್ಲ, ಬೇಡ ಬೇಡ ಎನ್ನುತ್ತಿದ್ದರು. ಇಪ್ಪತ್ತನೇ ಶತಮಾನದಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಯಿತು. ಇದನ್ನು ಓದುವಾಗ ನನಗೆ ಬೆಂಗಳೂರಿನ ಚಿಕ್ಕಪ್ಪ ನೆನಪಾದರು. ಅವತ್ತು ಅವರು ಅಜ್ಜಿಯ ಭುಜ ಹಿಡಿದು, “ಸಾಕು ಸುಮ್ನಿರವ್ವ, ಬಂದೋರು ಏನಂದ್ಕೊತಾರೆ” ಅಂದಿದ್ದರು. ಅಜ್ಜಿ ಅರ್ಧಕ್ಕೇ ನಿಲ್ಲಿಸಿದಳು. ನಮ್ಮಮ್ಮನಿಗೆ, ಅತ್ತೆಯರಿಗೆ ಹಾಗೆ ಹೇಳಿಕೊಂಡು ಅಳಲು ಬರುವುದಿಲ್ಲ.

ನಾನು ವಾಕ್ಯ ತಿದ್ದಿ ‘ಕೀನ್ಡ್’ ಎಂದು ಬರೆದೆ. ಸಾರ್ ರೈಟ್ ಹಾಕಿದರು. ಸಂಜೆ ಅಜ್ಜಿಗೆ ಐರ್ಲೆಂಡಿನ ಹೆಂಗಸರ ವಿಷಯ ಹೇಳಿದೆ. “ಅವರೂ ಹೊಲ ಮಾಡೋರಾ?” ಅಂತ ಕೇಳಿದಳು. ಅರಾನಿನವರು ಮೀನು ಹಿಡಿಯೋರು, ಗಂಡಸರು ಸಮುದ್ರಕ್ಕೆ ಹೋಗಿ ಎಷ್ಟೋ ಸಲ ಮುಳುಗಿಹೋಗುತ್ತಿದ್ದರು ಅಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, “ಮತ್ತೆ, ಅಳದೆ ಏನು ಮಾಡ್ತಾರೆ” ಅಂದಳು.

ಅವತ್ತು ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳಜ್ಜಿ, ಬರೆದುಕೊಳ್ತೀನಿ ಅಂತ ನೋಟ್‌ಬುಕ್ ತಂದೆ. ಅಜ್ಜಿ ಬೈದಳು. ಸಾವಿಲ್ಲದ ಮನೆಯಲ್ಲಿ ಅದನ್ನು ಹೇಳಬಾರದಂತೆ, ಅಪಶಕುನವಂತೆ. ಹಾಗಾಗಿ ನನಗೆ ನೆನಪಿರುವಷ್ಟನ್ನೇ ಬರೆದಿಟ್ಟಿದ್ದೇನೆ. ಒಂದೂವರೆ ಪುಟ ಆಗಿದೆ. ಎತ್ತುಗಳ ಹೆಸರು ರಾಮ, ಬಸವ.