ಮನಃಸ್ಥಿತಿಯ ವರ್ಣಲೇಖ

ಮನಸ್ಸಿನ ಏರಿಳಿತಗಳನ್ನು ದಿನಕ್ಕೊಂದು ಬಣ್ಣದ ಚೌಕದಿಂದ ಗುರುತಿಸುವ ಸಾಧನಗಳು ಇಂದು ಮೊಬೈಲಿನಲ್ಲಿ ದೊರೆಯುತ್ತವೆ. ವಿರಾರಿನಿಂದ ಚರ್ಚ್‌ಗೇಟಿಗೆ ಲೋಕಲ್ ರೈಲಿನಲ್ಲಿ ನಿತ್ಯ ಸಂಚರಿಸುವವರಿಗೂ ಇದು ನಿಮಿಷದ ಕೆಲಸ. ಖಿನ್ನ ಮನಸ್ಸು ಕಳೆದ ದಿನಗಳನ್ನೆಲ್ಲ ಕಪ್ಪಾಗಿಯೇ ಸ್ಮರಿಸುತ್ತದೆ; ಅಂದಂದೇ ತುಂಬಿದ ಚೌಕಗಳು ಆ ಸ್ಮೃತಿಯನ್ನು ತಿದ್ದುತ್ತವೆ. ನಿದ್ರೆ, ಔಷಧಗಳ ವಿವರವನ್ನೂ ಜೊತೆಗೆ ಬರೆದಿಟ್ಟರೆ ವೈದ್ಯರಿಗೆ ಅದೊಂದು ಉಪಯುಕ್ತ ದಾಖಲೆ. (ಮಾಹಿತಿ ಪರರ ಕೈಸೇರೀತೆಂಬ ಶಂಕೆಯುಳ್ಳವರಿಗೆ ಜೇಬಿನ ಡೈರಿಯೂ ಬಣ್ಣದ ಪೆನ್ಸಿಲೂ ಸಾಕು, ಚಾಳಿನ ಕೋಣೆಯ ಗೋಡೆಯ ಕ್ಯಾಲೆಂಡರು ಮಾತ್ರ ಬೇಡ!)

ಎರಡು ವಾರಗಳ ಕಾಲ ಬೇಸರ, ನಿರಾಸಕ್ತಿ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು. ಆದರೆ ಸಾಯುವ ಆಲೋಚನೆ ಸುಳಿದಲ್ಲಿ ಚೌಕಗಳನ್ನೆಣಿಸುತ್ತ ಕೂರತಕ್ಕದ್ದಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಲಭ್ಯ.